ರೀಪರ್: ಮೂರು ಮಳೆಗಾಲಗಳ ಬಳಕೆಯ ನಂತರ

ಶಿರಸಿ ಪೇಟೆಯಿಂದ ಸಾಕಷ್ಟು ಒಳಗಿರುವ ನಮ್ಮ ಮನೆಯ ಮಹಡಿಯಲ್ಲಿ ತಾಳಮದ್ದಳೆಯ ಪದ್ಯಗಳನ್ನು ಧ್ವನಿಮುದ್ರಿಸುವುದು ನನ್ನ ಬಿಡುವಿನ ವೇಳೆಯ ಕೆಲಸ. ಅದಕ್ಕಾಗಿ 2022ರಲ್ಲಿ ರೀಪರ್ ತಂತ್ರಾಂಶದ 60 ಡಾಲರಿನ ಪರವಾನಗಿಯನ್ನು ಕೊಂಡೆ. ಆರನೇ ಆವೃತ್ತಿಯಲ್ಲಿ ಕೊಂಡದ್ದು 7.99ರವರೆಗೂ ನಡೆಯುವುದರಿಂದ ಇಂದಿಗೂ ಮತ್ತೆ ಹಣ ಕೊಡುವ ಪ್ರಸಂಗ ಬಂದಿಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ ಹವ್ಯಾಸವನ್ನು ಸಾಕುವ ನನ್ನಂಥವನಿಗೆ ಇದು ದೊಡ್ಡ ಸಂಗತಿ.

ಮುದ್ರಣದ ದಿನ ಎಲ್ಲವೂ ಒಂದು ಕ್ರಮದಲ್ಲಿ ನಡೆಯುತ್ತದೆ. ಭಾಗವತರು ಕಷಾಯ ಕುಡಿದು ಮುಗಿಸುವಷ್ಟರಲ್ಲಿ ನಾನು ಮೈಕುಗಳನ್ನು ನಿಲ್ಲಿಸಿ, ಫ್ಯಾನ್ ಆರಿಸಿ, ಹೆಂಚಿನ ಮೇಲೆ ಮಳೆಯ ಸದ್ದು ತಗ್ಗಿತೇ ಎಂದು ಕಿವಿಗೊಡುತ್ತೇನೆ. ಮದ್ದಳೆಯ ಶ್ರುತಿ ಕೂಡಿದ ಮೇಲೆ ಯಾರೂ ಮಿಸುಕದಂತೆ ಕೇಳಿಕೊಂಡು, ಖಾಲಿ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳುತ್ತೇನೆ. ಮುಂದೆ ರೀಪರ್‌ನೊಡನೆ ಬರುವ, ಸದ್ದು ಸೋಸುವ ಉಪಕರಣ ರಿಯಾಫರ್‌ಗೆ ಆ ಮೌನವನ್ನೇ ಮಾದರಿಯಾಗಿ ಕೊಟ್ಟರೆ, ಹಿನ್ನೆಲೆಯ ಗುಂಯ್ಗುಡುವಿಕೆಯನ್ನು ಅದು ತಗ್ಗಿಸುತ್ತದೆ.

ಎರಡನೆಯ ವರ್ಷದ ಜುಲೈಯಲ್ಲಿ ಈ ಕ್ರಮವೆಲ್ಲ ಕೆಟ್ಟುಹೋಯಿತು. ಕಡತ ತೆರೆದೊಡನೆ ಪರದೆ ಮಂಕಾಗಿ, ‘ನಾಟ್ ರೆಸ್ಪಾಂಡಿಂಗ್’ ಎಂಬ ಮಾತು ಮೂಡಿ, ಮೌಸ್ ಒತ್ತಿದರೂ ಏನೂ ಆಗುತ್ತಿರಲಿಲ್ಲ. ಮಳೆ ಬಿಟ್ಟ ಅರ್ಧ ಗಂಟೆಯನ್ನು ಹೀಗೆ ಕಳೆದುಕೊಂಡು, ಹಿರಿಯ ಭಾಗವತರನ್ನು ಕಾಯಿಸಿ, ಕೊನೆಗೆ ಹಾಡಿಸದೆಯೇ ಕಳುಹಿಸಿದ ಸಂಜೆಯ ಸಂಕಟವನ್ನು ನಾನು ಮರೆತಿಲ್ಲ.

ಮೊದಲು ಬಫರಿನ ಮೇಲೆ, ಅಂದರೆ ಪ್ರೊಸೆಸರ್ ಒಮ್ಮೆಗೆ ಲೆಕ್ಕ ಹಾಕುವ ಧ್ವನಿತುಣುಕಿನ ಗಾತ್ರದ ಮೇಲೆ, ಸಂಶಯಪಟ್ಟು ಅದನ್ನು 128ರಿಂದ 512 ಸ್ಯಾಂಪಲ್‌ಗಳಿಗೆ ಏರಿಸಿದೆ. 44,100 ಹರ್ಟ್ಸ್‌ನಲ್ಲಿ ಇದರ ಅರ್ಥ, ಸುಮಾರು 2.9 ಮಿಲಿಸೆಕೆಂಡಿನ ಗಡುವನ್ನು 11.6ಕ್ಕೆ ವಿಸ್ತರಿಸುವುದು. ಪ್ರೊಸೆಸರ್ ಗಡುವಿನೊಳಗೆ ಲೆಕ್ಕ ಮುಗಿಸದಿದ್ದಾಗ ಧ್ವನಿಯಲ್ಲಿ ಚಟಪಟ ಸದ್ದು ಬರುತ್ತದೆ. ಆ ತೊಂದರೆಗೆ ಇದು ಮದ್ದು. ನನ್ನ ತೊಂದರೆ ಅದಾಗಿರಲಿಲ್ಲ, ಏಕೆಂದರೆ ಪರದೆ ಸ್ತಬ್ಧವಾಗಿದ್ದ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತಿತ್ತು. ದುಡಿದು ದಣಿದ ಯಂತ್ರಕ್ಕೂ ಯಾವುದಕ್ಕೋ ಕಾಯುತ್ತಿರುವ ಯಂತ್ರಕ್ಕೂ ಇರುವ ಈ ವ್ಯತ್ಯಾಸವನ್ನು ಮೊದಲೇ ಗಮನಿಸಿದ್ದರೆ, ಡ್ರೈವರುಗಳನ್ನು ಮರುಸ್ಥಾಪಿಸುತ್ತ ಎರಡು ವಾರ ಕಳೆಯಬೇಕಾಗುತ್ತಿರಲಿಲ್ಲ.

ದಾರಿ ತೋರಿದ್ದು ರೀಪರ್‌ನಲ್ಲೇ ಇದ್ದ ಒಂದು ಸಣ್ಣ ಚೌಕ. ಕಡತ ತೆರೆಯುವ ಕಿಟಕಿಯಲ್ಲಿ ‘ಓಪನ್ ವಿತ್ ಎಫ್‌ಎಕ್ಸ್ ಆಫ್‌ಲೈನ್’ ಎಂಬ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿದರೆ, ಧ್ವನಿಯನ್ನು ತಿದ್ದಲು ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳು ಯಾವುವೂ ಎಚ್ಚರಗೊಳ್ಳದೆ ಕಡತ ಮಾತ್ರ ತೆರೆದುಕೊಳ್ಳುತ್ತದೆ. ಆ ರಾತ್ರಿ ಹನ್ನೊಂದು ಪದ್ಯಗಳ ಧ್ವನಿತರಂಗಗಳು ಒಂದೂ ಕೆಡದೆ ಪರದೆಯ ಮೇಲೆ ಕಾಣಿಸಿಕೊಂಡಾಗ ನನಗೆ ನಿಜಕ್ಕೂ ಕಣ್ಣು ತುಂಬಿತು. ಆಮೇಲೆ ಪ್ಲಗಿನ್‌ಗಳನ್ನು ಒಂದೊಂದಾಗಿ ಆನ್‌ಲೈನ್‌ಗೆ ತರುತ್ತ ಹೋದೆ. ಬೇರೊಂದು ಕಂಪನಿಯಿಂದ ಕೊಂಡಿದ್ದ, ಧ್ವನಿಗೆ ಅನುರಣನ ಕೊಡುವ ರಿವರ್ಬ್‌ನ ಸರದಿ ಬಂದಾಗ ಪರದೆ ಮತ್ತೆ ಮಂಕಾಯಿತು.

ಆ ರಿವರ್ಬ್ ಪ್ರತಿ ಬಾರಿ ಏಳುವಾಗಲೂ ಅಂತರ್ಜಾಲದಲ್ಲಿ ತನ್ನ ಪರವಾನಗಿಯನ್ನು ಪರಿಶೀಲಿಸಲು ಹೊರಡುತ್ತಿತ್ತು. ನಮ್ಮಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ರೌಟರಿನ ದೀಪ ಉರಿಯುತ್ತಿದ್ದರೂ ಆಚೆಗೆ ಸಂಪರ್ಕವಿರುವುದಿಲ್ಲ. ಬಾರದ ಉತ್ತರಕ್ಕಾಗಿ ಪ್ಲಗಿನ್ ಕಾಯುತ್ತಿತ್ತು, ಅದಕ್ಕಾಗಿ ಇಡೀ ಪರದೆ ಕಾಯುತ್ತಿತ್ತು. ವೈಫೈಯನ್ನು ಪೂರ್ತಿ ಆರಿಸಿದಾಗ ಸಂಪರ್ಕವಿಲ್ಲವೆಂದು ಅದಕ್ಕೆ ತಕ್ಷಣವೇ ತಿಳಿದು, ಅದೇ ಕಡತ ಕೆಲವೇ ಕ್ಷಣಗಳಲ್ಲಿ ತೆರೆಯಿತು. ಬೇಸಿಗೆಯಲ್ಲಿ ಈ ಕಾಟ ಏಕಿರಲಿಲ್ಲವೆಂಬುದು ಆಗ ಅರ್ಥವಾಯಿತು. ಹಣ ತೆತ್ತ ಬಳಕೆದಾರನನ್ನು ದಿನವೂ ಹೀಗೆ ಪರೀಕ್ಷಿಸುವ ಪದ್ಧತಿಯನ್ನು ನಾನು ಒಪ್ಪಲಾರೆ.

ಈಗ ಭಾಗವತಿಕೆಯ ಟ್ರ್ಯಾಕಿಗೆ ರೀಪರ್‌ನದೇ ಆದ ರಿವರ್ಬ್ ರಿಯಾವರ್ಬೇಟ್ ಹಾಕುತ್ತೇನೆ. ಅದರ ಅನುರಣನ ಹಳೆಯದರಷ್ಟು ಮೃದುವಲ್ಲ; ಚಂಡೆಯ ಹೊಡೆತಕ್ಕೆ ಸ್ವಲ್ಪ ಒರಟೆನಿಸುವುದೂ ಹೌದು. ಆದರೂ ಹೊಸದಾಗಿ ತರುವ ಯಾವುದೇ ಪ್ಲಗಿನ್ನನ್ನು ಮೊದಲು ‘ಡೆಡಿಕೇಟೆಡ್ ಪ್ರೋಸೆಸ್’ ಆಗಿ ಪ್ರತ್ಯೇಕವಾಗಿ ಓಡಿಸಿ, ರೌಟರಿನ ಹೊರಗಿನ ಕೇಬಲ್ ಕಿತ್ತು ಒಮ್ಮೆ ಕಡತ ತೆರೆದು ನೋಡಿದ ಮೇಲೆಯೇ ಭಾಗವತರಿಗೆ ಫೋನ್ ಮಾಡುತ್ತೇನೆ.