ಶಾಲೆಗೆ ಹಳೇ ಲ್ಯಾಪ್‌ಟಾಪ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಆಫೀಸುಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ನಿಮ್ಮ ಶಾಲೆಗೆ ತರುವ ಯೋಚನೆ ಇದೆಯಾ? ಹಳೇ ವಿದ್ಯಾರ್ಥಿಗಳು ಕೊಡಿಸುತ್ತೇವೆ ಅಂತ ಬಂದಿದ್ದಾರಾ? ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಹೇಳುವವರು ಯಾರೂ ಇರಲಿಲ್ಲ. 40 ಲ್ಯಾಪ್‌ಟಾಪ್ ತಂದೆವು. ಅದರಲ್ಲಿ 17ಕ್ಕೆ ಬೇರೆ ಕಂಪನಿಗಳ ಆನ್‌ಲೈನ್ ಬೀಗ ಬಿದ್ದಿದೆ ಅಂತ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಕಂಪ್ಯೂಟರ್‌ಗೆ ಅಂತ ಬೇರೆ ಟೀಚರ್ ನಮ್ಮಲ್ಲಿ ಇಲ್ಲ. ಸ್ವಲ್ಪ ಗೊತ್ತಿದ್ದವರಿಗೆ ಆ ಕೆಲಸ ವಹಿಸುತ್ತಾರೆ, ಹಾಗೆ ಅದು ನನ್ನ ಪಾಲಿಗೆ ಬಂತು. 2024ರ ಬೇಸಿಗೆಯಲ್ಲಿ 1998ರ ಎಸ್ಸೆಸ್ಸೆಲ್ಸಿ ಬ್ಯಾಚ್‌ನವರು ವಾಟ್ಸಾಪ್ ಗ್ರೂಪಿನಲ್ಲೇ ದುಡ್ಡು ಕೂಡಿಸಿದರು. ಅಮೆರಿಕದಲ್ಲಿರುವ ಒಬ್ಬ ಒಂದು ಲಕ್ಷ ಕೊಟ್ಟ. ಹಿರಿಯೂರಿನಲ್ಲಿ ಲಗೇಜ್ ಆಟೋ ಓಡಿಸುವ ಇನ್ನೊಬ್ಬ ಎರಡು ಸಾವಿರ ಕೊಟ್ಟ, ಅದೂ ಎರಡು ಕಂತಿನಲ್ಲಿ. ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದಕ್ಕೆ 14,500ರಂತೆ ಮಾತಾಯಿತು. ಒಟ್ಟು 5,80,000 ರೂಪಾಯಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತಲಾ ಒಂದು. ಶನಿವಾರ ಮನೆಗೆ ಒಯ್ಯಬಹುದು, ಸೋಮವಾರ ವಾಪಸ್ ತರಬೇಕು. ಇದು ನಮ್ಮ ಯೋಜನೆ.

ಅಂಗಡಿಗೆ ನಾನೂ ಹೋಗಿದ್ದೆ. ನಾಲ್ಕೈದು ಲ್ಯಾಪ್‌ಟಾಪ್ ಆನ್ ಮಾಡಿ ತೋರಿಸಿದರು. ಕೀಬೋರ್ಡ್ ಒತ್ತಿ ನೋಡಿದೆ, ಕ್ಯಾಮೆರಾ ನೋಡಿದೆ, ಯೂಟ್ಯೂಬ್ ಕೂಡ ಓಡಿತು. ಎಲ್ಲ ಚೆನ್ನಾಗಿತ್ತು. ಇಷ್ಟೇ ನಾನು ಮಾಡಿದ ಪರೀಕ್ಷೆ. ತಪ್ಪಾಗಿದ್ದೂ ಇಲ್ಲೇ.

ಆಗಸ್ಟ್‌ನಲ್ಲಿ ಒಂದು ಸೋಮವಾರ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಮುಖ ಸಪ್ಪಗಿತ್ತು. "ಸಾರ್, ನಾನೇನೂ ಮಾಡಿಲ್ಲ ಸಾರ್, ತುಂಬಾ ಸ್ಲೋ ಆಗಿತ್ತು, ಅಣ್ಣ ರೀಸೆಟ್ ಹೊಡ್ದ, ಈಗ ಯಾವ್ದೋ ಕಂಪನಿ ಹೆಸ್ರು ಬರ್ತಾ ಇದೆ" ಅಂದ. ನೋಡಿದರೆ ಸ್ಕ್ರೀನ್ ಮೇಲೆ ಬೆಂಗಳೂರಿನ ಒಂದು ಕಂಪನಿಯ ಹೆಸರು, ಸ್ವಾಗತ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಆ ಕಂಪನಿಯ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುವ ಪೆಟ್ಟಿಗೆ. ಹಿಂದೆ ಹೋಗಲು ದಾರಿ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಅದೇ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕಿದರೂ, ವೈಫೈ ಕನೆಕ್ಟ್ ಆದ ತಕ್ಷಣ ಮತ್ತೆ ಅದೇ ಪೆಟ್ಟಿಗೆ.

ಇದಕ್ಕೆ ವಿಂಡೋಸ್ ಆಟೋಪೈಲಟ್ ಅಂತ ಹೆಸರು. ದೊಡ್ಡ ಕಂಪನಿಗಳು ತಮ್ಮ ಪ್ರತಿ ಲ್ಯಾಪ್‌ಟಾಪಿನ ಗುರುತನ್ನು ಮೈಕ್ರೋಸಾಫ್ಟ್ ಹತ್ತಿರ ನೋಂದಾಯಿಸಿರುತ್ತವೆ. ಆ ಗುರುತಿನಲ್ಲಿ ಮುಖ್ಯವಾದದ್ದು ಮದರ್‌ಬೋರ್ಡು. ಹಾಗಾಗಿ ಡಿಸ್ಕ್ ಬದಲಾಯಿಸಿದರೂ, ಫಾರ್ಮ್ಯಾಟ್ ಹೊಡೆದರೂ ಅದು ಹೋಗುವುದಿಲ್ಲ. ವಿಂಡೋಸ್ ಸೆಟಪ್ ನಡೆಯುವಾಗ ನೆಟ್ ಸಿಕ್ಕಿದರೆ ಸಾಕು, ಲ್ಯಾಪ್‌ಟಾಪ್ ತನ್ನ ಹಳೇ ಯಜಮಾನನನ್ನೇ ಕೇಳುತ್ತದೆ. ಬೀಗ ತೆಗೆಯಬೇಕಾದವರು ಆ ಕಂಪನಿಯವರೇ, ತಮ್ಮ ಪಟ್ಟಿಯಿಂದ ಅದನ್ನು ಬಿಡಬೇಕು. ಕಳ್ಳತನ ತಡೆಯುವುದಕ್ಕೆ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಕಂಪನಿಯವರು ಮಾರುವಾಗ ಪಟ್ಟಿಯಿಂದ ತೆಗೆಯಲು ಮರೆತರೆ, ಅಥವಾ ಲ್ಯಾಪ್‌ಟಾಪ್ ಮಾರಾಟವೇ ಆಗದೆ ಅಡ್ಡದಾರಿಯಲ್ಲಿ ಹೊರಬಂದಿದ್ದರೆ, ಕೊನೆಗೆ ಸಿಕ್ಕಿಬೀಳುವುದು ನಮ್ಮಂಥವರು.

ಅಂಗಡಿಯವನಿಗೆ ಫೋನ್ ಮಾಡಿದೆ. "ಸೆಟಪ್ ಮಾಡುವಾಗ ನೆಟ್ ಹಾಕ್ಬೇಡಿ ಸಾರ್, ಏನೂ ಆಗಲ್ಲ" ಅಂದ. ಅಂದರೆ ಅವನಿಗೆ ಮೊದಲೇ ಗೊತ್ತಿತ್ತು ಅಲ್ವಾ? ನೆಟ್ ಇಲ್ಲದೆ ವಿಂಡೋಸ್ ಹಾಕಿ, ಒಂದು ಲೋಕಲ್ ಅಕೌಂಟ್ ಮಾಡಿ ಕೊಟ್ಟಿದ್ದ. ಒಮ್ಮೆ ಸೆಟಪ್ ದಾಟಿದ ಮೇಲೆ ಆ ಪೆಟ್ಟಿಗೆ ಬರುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ಯೂಟ್ಯೂಬ್ ಓಡಿತ್ತು. ಮುಂದೆ ಯಾವತ್ತಾದರೂ ಯಾರಾದರೂ ರೀಸೆಟ್ ಮಾಡಿದರೆ ಅವತ್ತು ಬೀಗ ಬೀಳುತ್ತದೆ. ಮಕ್ಕಳ ಕೈಯಲ್ಲಿರುವ ಲ್ಯಾಪ್‌ಟಾಪ್ ರೀಸೆಟ್ ಆಗದೆ ಇರುತ್ತಾ?

ಆ ಶನಿವಾರ, ಭಾನುವಾರ ನಾನು, ವಿಜ್ಞಾನದ ಮೇಡಂ, ನಮ್ಮ ಅಟೆಂಡರ್ ಮೂವರೂ ಶಾಲೆಯಲ್ಲೇ ಕೂತೆವು. ಮಕ್ಕಳ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ, ಹೆಸರು ಬರೆದು, ಉಳಿದ 39ನ್ನೂ ಒಂದೊಂದಾಗಿ ರೀಸೆಟ್ ಮಾಡಿ, ನೆಟ್‌ಗೆ ಹಾಕಿದೆವು. ನೆಟ್ ಕನೆಕ್ಟ್ ಆಗಿ ಮುಂದಿನ ಪುಟ ಬರುವವರೆಗೆ ಉಸಿರು ಬಿಗಿ ಹಿಡಿದಿರುತ್ತಿದ್ದೆವು. ಮಾಮೂಲಿ ಅಕೌಂಟ್ ಕೇಳಿದರೆ ಸದ್ಯ ಅಂದುಕೊಂಡು ಪಕ್ಕಕ್ಕೆ ಇಡುವುದು. ಕಂಪನಿ ಹೆಸರು ಬಂದರೆ ಇನ್ನೊಂದು ಬೆಂಚಿಗೆ. ಭಾನುವಾರ ಸಂಜೆ ಆ ಬೆಂಚಿನ ಮೇಲೆ, ಮೊದಲನೆಯದೂ ಸೇರಿ, 17 ಇದ್ದವು. 12 ಒಂದು ಕಂಪನಿಯವು, 5 ಇನ್ನೊಂದರವು.

ರೀಸೆಟ್ ಮಾಡುವ ಮುಂಚೆ ಫೈಲು ನೋಡುವಾಗ ಇನ್ನೊಂದು ಸಿಕ್ಕಿತು. ಒಂದು ಲ್ಯಾಪ್‌ಟಾಪಿನ ಡಿ ಡ್ರೈವ್ ಅಳಿಸಿಯೇ ಇರಲಿಲ್ಲ. ಯಾರೋ ಉದ್ಯೋಗಿಯ ಸಂಬಳದ ಚೀಟಿ, ಆಧಾರ್ ಕಾರ್ಡಿನ ಸ್ಕ್ಯಾನ್, ಮದುವೆ ಫೋಟೋ ಎಲ್ಲ ಹಾಗೇ ಇದ್ದವು. ಎರಡು ತಿಂಗಳು ಅದು ಹದಿನಾಲ್ಕು ವರ್ಷದ ಒಂದು ಮಗುವಿನ ಕೈಯಲ್ಲಿತ್ತು. ತೆರೆದು ನೋಡಿದ್ದನೋ ಇಲ್ಲವೋ, ನಾನು ಕೇಳಲಿಲ್ಲ. ಎಲ್ಲ ಅಳಿಸಿ ಹಾಕಿದೆ.

ನಮ್ಮ ಎಚ್‌ಎಂ ಮೇಡಂ ಶಾಲೆಯ ಲೆಟರ್‌ಹೆಡ್‌ನಲ್ಲಿ ಎರಡೂ ಕಂಪನಿಗಳಿಗೆ ಪತ್ರ ಬರೆದರು. ಸೀರಿಯಲ್ ನಂಬರ್, ಸ್ಕ್ರೀನಿನ ಫೋಟೋ, ಯಾವಾಗ ಎಷ್ಟಕ್ಕೆ ತಗೊಂಡೆವು, ಎಲ್ಲ ಸೇರಿಸಿ. ಮೊದಲನೇ ಕಂಪನಿಯ ಐಟಿ ವಿಭಾಗದವರು ಮರ್ಯಾದೆಯಾಗಿ ಉತ್ತರ ಕೊಟ್ಟರು. ಎರಡು ತಿಂಗಳು ಹಿಡಿಯಿತು, 11ನ್ನು ಪಟ್ಟಿಯಿಂದ ತೆಗೆದರು. ಹನ್ನೆರಡನೆಯದರ ಬಗ್ಗೆ ಮಾತ್ರ ಬೇರೆ ಪತ್ರ ಬಂತು. ಅದು ತಾವು ಮಾರಿದ್ದಲ್ಲ, ಕಾಣೆಯಾಗಿದೆ ಅಂತ ಆಗಲೇ ದೂರು ಕೊಟ್ಟಿದ್ದೇವೆ ಅಂತ.

ಮೇಡಂ ಓದಿ ಸುಮ್ಮನೆ ಕೂತುಬಿಟ್ಟರು. ಅವರ ನಿವೃತ್ತಿಗೆ ಒಂದು ವರ್ಷ ಇತ್ತು. 30 ವರ್ಷದ ಸರ್ವಿಸ್‌ನಲ್ಲಿ ಒಂದು ಸಲವೂ ಠಾಣೆಯ ಮೆಟ್ಟಿಲು ಹತ್ತದ ಹೆಂಗಸು, ಹೋಗಿ ಹೇಳಿಕೆ ಕೊಟ್ಟು ಬರಬೇಕಾಯಿತು. ಠಾಣೆಯಲ್ಲಿ ಮೊದಲು ಕೇಳಿದ್ದೇ "ಬಿಲ್ ಎಲ್ಲಿ ಮೇಡಂ?" ಅಂತ. ನಮ್ಮ ಹತ್ತಿರ ಇದ್ದದ್ದು ಒಂದು ಕೈಚೀಟಿ. "ಲ್ಯಾಪ್‌ಟಾಪ್ 40, ಒಟ್ಟು 5,80,000" ಅಂತ ಒಂದು ಸಾಲು, ಕೆಳಗೆ ಒಂದು ಸಹಿ. ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಜಿಎಸ್‌ಟಿ ಬಿಲ್ ಬೇಕಾದರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ ಅಂಗಡಿಯವನು ಅಂದಿದ್ದ, ಆ ದುಡ್ಡಿಗೆ ಇನ್ನೂ ಕೆಲವು ಮಕ್ಕಳಿಗೆ ಲ್ಯಾಪ್‌ಟಾಪ್ ಬರುತ್ತಲ್ಲ ಅಂತ ನಾವೇ ಬೇಡ ಅಂದಿದ್ದೆವು. ಪುಣ್ಯಕ್ಕೆ ಒಂದು ಭಾಗ ಬ್ಯಾಂಕ್ ಮೂಲಕ ಹೋಗಿತ್ತು. ಆ ಪಾಸ್‌ಬುಕ್ ಪುಟವೇ ನಮ್ಮನ್ನು ಉಳಿಸಿದ್ದು.

ಕಾಣೆಯಾಗಿದೆ ಅಂತ ದೂರು ಇದ್ದ ಆ ಲ್ಯಾಪ್‌ಟಾಪ್ ನಮ್ಮ ರಿಜಿಸ್ಟರಿನಲ್ಲಿ 23ನೇ ನಂಬರ್. ಅದನ್ನು ಇಟ್ಟುಕೊಂಡಿದ್ದ ಹುಡುಗಿಯ ಅಮ್ಮ ಹಳೇ ಸೀರೆಯಲ್ಲಿ ಅದಕ್ಕೊಂದು ಚೀಲ ಹೊಲಿದು ಕೊಟ್ಟಿದ್ದರು, ಚಾರ್ಜರ್‌ಗೆ ಪಕ್ಕದಲ್ಲಿ ಸಣ್ಣ ಜೇಬು ಬೇರೆ. ರೀಸೆಟ್ ಮಾಡಲು ವಾಪಸ್ ತಗೊಳ್ಳುವಾಗಲೇ ಆ ಮಗು ಚೀಲವನ್ನು ಮಾತ್ರ ತೆಗೆದು, ಮಡಚಿ, ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ "ನಾನೇನಾದ್ರೂ ತಪ್ಪು ಮಾಡಿದ್ನಾ ಸಾರ್?" ಅಂತ ಕೇಳಿದಳು. ಅವಳಿಗೆ ಏನಂತ ವಿವರಿಸುವುದು? ತಪ್ಪು ನಮ್ಮದು ಕಣಮ್ಮಾ ಅಂದೆ.

ಎರಡನೇ ಕಂಪನಿಯಿಂದ ಇವತ್ತಿನವರೆಗೂ ಉತ್ತರ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿರುವ ನನ್ನ ಗೆಳೆಯ, ಆ ಐದಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡು ಅಂದ. ಕೇರಳದ ಶಾಲೆಗಳಲ್ಲಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯವರು ಉಬುಂಟು ಅನ್ನುವ ಲಿನಕ್ಸ್ ಮೇಲೆ ಕಟ್ಟಿದ ವ್ಯವಸ್ಥೆಯೇ ಓಡುವುದು, ಅವನಿಗೆ ಅದು ನೀರು ಕುಡಿದಷ್ಟು ಸಲೀಸು. ಅವನು ಹೇಳಿದ್ದು ನಿಜ, ಲಿನಕ್ಸ್ ಹಾಕಿದರೆ ಆಟೋಪೈಲಟ್ ಬೀಗ ಕಾಣಿಸುವುದೇ ಇಲ್ಲ. ಆದರೆ ಸಾಮಾನು ಯಾರದ್ದು ಅನ್ನುವ ಪ್ರಶ್ನೆ ಹಾಗೇ ಇರುತ್ತಲ್ಲ. ನಮ್ಮದು ಅಂತ ಖಾತ್ರಿ ಇಲ್ಲದ್ದನ್ನು ಮಕ್ಕಳ ಕೈಗೆ ಕೊಡುವುದು ಬೇಡ ಅಂದರು ಮೇಡಂ. ನನಗೂ ಅದೇ ಸರಿ ಅನ್ನಿಸಿತು. ಐದೂ ಬೀರುವಿನಲ್ಲಿವೆ.

ಹಾಗಾಗಿ ನೀವು ಮಾಡಬೇಕಾದ್ದು ಇದು. ಅಂಗಡಿಯವನು ಆನ್ ಮಾಡಿ ತೋರಿಸಿದ್ದನ್ನು ನಂಬಬೇಡಿ. ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ನಿಮ್ಮ ಕಣ್ಣೆದುರೇ ಪ್ರತಿಯೊಂದನ್ನೂ ಪೂರ್ತಿ ರೀಸೆಟ್ ಮಾಡಿಸಿ, ಸೆಟಪ್ ವೇಳೆ ನೆಟ್ ಕನೆಕ್ಟ್ ಮಾಡಿ. ನಾಲ್ಕೈದಲ್ಲ, ಎಲ್ಲವನ್ನೂ. ಟೈಮ್ ಇಲ್ಲ ಸಾರ್ ಅಂತ ಅವರು ಹೇಳಿದರೆ ಎದ್ದು ಬನ್ನಿ. ಆಮೇಲೆ ಆನ್ ಆಗುವಾಗ ಎಫ್2 ಅಥವಾ ಎಫ್10 ಒತ್ತಿ ಬಯೋಸ್ (ವಿಂಡೋಸ್‌ಗೂ ಮುಂಚೆ ಬರುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ, ಕೆಲವಕ್ಕೆ ಎಫ್1. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಆ ಲ್ಯಾಪ್‌ಟಾಪ್ ಬೇಡ. ಒಳಗಿರುವ ಸೀರಿಯಲ್ ನಂಬರೂ ಕೆಳಗಿನ ಸ್ಟಿಕ್ಕರ್ ಮೇಲಿನ ನಂಬರೂ ಒಂದೇ ಇರಬೇಕು. ಕಂಪ್ಯೂಟ್ರೇಸ್ ಅಥವಾ ಅಬ್ಸೊಲ್ಯೂಟ್ ಅಂತ ಒಂದು ಸಾಲು ಇರಬಹುದು. ಅದು ಆಕ್ಟಿವೇಟ್ ಆಗಿದ್ದರೆ ಹಳೇ ಮಾಲೀಕ ದೂರದಿಂದಲೇ ಲ್ಯಾಪ್‌ಟಾಪ್ ಲಾಕ್ ಮಾಡಬಹುದು, ಅದೂ ಬೇಡ.

ಬಿಲ್ ವಿಷಯದಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ. ಪ್ರತಿ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕು. ಬೀಗ ಬಿದ್ದರೆ ಬದಲಿ ಕೊಡುತ್ತೇನೆ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ಈ ಮಾಲು ಯಾವ ಕಂಪನಿಯಿಂದ ಬಂತು ಅಂತ ಕೇಳುವುದಕ್ಕೂ ಸಂಕೋಚ ಬೇಡ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಇ-ತ್ಯಾಜ್ಯವನ್ನು, ಅಂದರೆ ಬಳಸಿ ಬಿಟ್ಟ ಎಲೆಕ್ಟ್ರಾನಿಕ್ ಸಾಮಾನನ್ನು, ನೋಂದಣಿ ಆದವರಿಗೇ ಕೊಡಬೇಕು. ಸರಿಯಾದ ದಾರಿಯಲ್ಲಿ ಬಂದ ಮಾಲಿಗೆ ಕಾಗದ ಇರುತ್ತದೆ. ಅಂಗಡಿಯವರು ಮೋಸ ಮಾಡಿದರೆ ಗ್ರಾಹಕರ ಸಹಾಯವಾಣಿ 1915 ಇದೆ, ಅಲ್ಲೂ ಬಿಲ್ ಇದ್ದರೇ ಅನುಕೂಲ.

ಪ್ರೊಸೆಸರ್ ಕೂಡ ನೋಡಿ. ನಾವು ಐ5 ಅಂದ ತಕ್ಷಣ ಖುಷಿಪಟ್ಟೆವು. ಐ5 ಆದಮೇಲೆ ಬರುವ ನಂಬರ್ ಮುಖ್ಯ. 6300 ಅಂದರೆ ಆರನೇ ತಲೆಮಾರು, 8250 ಅಂದರೆ ಎಂಟನೆಯದು. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಎಂಟನೆಯದಾದರೂ ಬೇಕು. ನಮ್ಮಲ್ಲಿ ಹೆಚ್ಚಿನವು ಆರನೆಯವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ಬೀಗ ಇಲ್ಲದ ಆ ಲ್ಯಾಪ್‌ಟಾಪ್‌ಗಳಿಗೆ ಗೆಳೆಯನ ಸಹಾಯದಿಂದ ಉಬುಂಟು ಹಾಕಿದ್ದೇವೆ. ಮಕ್ಕಳು ಒಂದು ವಾರದಲ್ಲಿ ಹೊಂದಿಕೊಂಡರು, ಕನ್ನಡ ಟೈಪಿಂಗ್ ಕೂಡ ಮಾಡುತ್ತಾರೆ. ಈ ವಿಷಯದಲ್ಲಿ ನನಗೇನೂ ಬೇಜಾರಿಲ್ಲ.

ಬ್ಯಾಟರಿ ವಿಷಯ ಮಾತ್ರ ಹೇಳಲೇಬೇಕು, ಇದು ಅಪಾಯದ್ದು. 2025ರ ಏಪ್ರಿಲ್‌ನಲ್ಲಿ ರಜೆ ಬಿಡುವಾಗ ಎಲ್ಲವನ್ನೂ ಫುಲ್ ಚಾರ್ಜ್ ಮಾಡಿ, ಕಬ್ಬಿಣದ ಬೀರುವಿನಲ್ಲಿ ಒಂದರ ಮೇಲೊಂದು ಜೋಡಿಸಿ ಬೀಗ ಹಾಕಿದ್ದೆ. ಆ ರೂಮಿಗೆ ಶೀಟಿನ ಮಾಡು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಹೇಗಿರುತ್ತೆ ಅಂತ ಗೊತ್ತಲ್ಲ. ಮೇ ಕೊನೆಯಲ್ಲಿ ಬಾಗಿಲು ತೆಗೆದಾಗ ಆರು ಲ್ಯಾಪ್‌ಟಾಪ್ ಉಬ್ಬಿದ್ದವು. ಒಂದರಲ್ಲಿ ಟಚ್‌ಪ್ಯಾಡ್ ಹಪ್ಪಳದ ಹಾಗೆ ಮೇಲೆದ್ದಿತ್ತು. ನಾನು ರಿಜಿಸ್ಟರ್ ತರಲು ಆಚೆ ಹೋಗಿ ಬರುವಷ್ಟರಲ್ಲಿ ಒಬ್ಬ ಹುಡುಗ ಅದನ್ನು ಕೈವಾರದ ಮೊನೆಯಿಂದ ಒತ್ತಲು ಹೊರಟಿದ್ದ. ಕೂಗಿ ನಿಲ್ಲಿಸಿದೆ. ಆ ಮೊನೆ ಒಳಗೆ ಹೋಗಿದ್ದರೆ ಬ್ಯಾಟರಿ ಹತ್ತಿಕೊಳ್ಳಬಹುದಿತ್ತು, ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ರಜೆಗೆ ಇಡುವಾಗ ಅರ್ಧ ಚಾರ್ಜ್ ಸಾಕು, ಫುಲ್ ಬೇಡ, ಪೂರ್ತಿ ಖಾಲಿಯೂ ಬೇಡ. ತಂಪಾದ ರೂಮಿನಲ್ಲಿ, ಮಧ್ಯೆ ಗಾಳಿಯಾಡುವಂತೆ ಇಡಿ. ಉಬ್ಬಿದ್ದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.

ನಮ್ಮ ತಾಲ್ಲೂಕಿನ ಇನ್ನೊಂದು ಶಾಲೆಯವರು ಮುಂದಿನ ವಾರ 25 ಲ್ಯಾಪ್‌ಟಾಪ್ ತರಲು ಹೊರಟಿದ್ದಾರೆ. ನಾನೂ ಅವರ ಜೊತೆ ಹೋಗುತ್ತಿದ್ದೇನೆ. ಒಂದೊಂದನ್ನೂ ರೀಸೆಟ್ ಮಾಡಿ ನೋಡಿದ ಮೇಲೇ ದುಡ್ಡು ಅಂತ ಅಂಗಡಿಯವರಿಗೆ ಫೋನಿನಲ್ಲೇ ಹೇಳಿ ಒಪ್ಪಿಸಿದ್ದೇವೆ. ಒಂದು ಇಡೀ ದಿನ ಬೇಕು, ಹಾಗಾಗಿ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಕಂಪನಿಗೆ ಬರೆದ ಪತ್ರದ ನಮೂನೆ ನನ್ನ ಹತ್ತಿರ ಇದೆ. ನಿಮ್ಮಲ್ಲೂ ಇದೇ ತೊಂದರೆ ಆಗಿದ್ದರೆ ಕೇಳಿ, ಕಳಿಸುತ್ತೇನೆ.