ಆಂಕಿ ಆ್ಯಪ್: ಜಿಆರ್‌ಇ ಪದಗಳಿಗಾಗಿ ವರ್ಷಕ್ಕೂ ಮೀರಿ ಬಳಸಿದ ಮೇಲೆ

ಕಲಬುರಗಿಯಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಜೊತೆಗಾರರ ಕೊರತೆಯಿಲ್ಲ. ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಎಂದರೆ ಮಾತ್ರ ಎಲ್ಲರೂ ಹೈದರಾಬಾದಿನ ಕಡೆ ಕೈ ತೋರಿಸುತ್ತಾರೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಎಂಜಿನಿಯರಿಂಗ್ ಮುಗಿಸಿದವಳು. ಗಣಿತ ಚಿಂತೆಯಾಗಿರಲಿಲ್ಲ, ಇಂಗ್ಲಿಷ್ ಪದಗಳದ್ದೇ ತಲೆನೋವು. ಅದಕ್ಕಾಗಿ, ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆಂಕಿ ಆ್ಯಪ್ ಹಾಕಿಕೊಂಡೆ. ಪರೀಕ್ಷೆ ಮುಗಿದರೂ ಅದು ಮೊಬೈಲಿನಲ್ಲಿ ಉಳಿದಿದೆ.

ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತು ಎಂಬುದನ್ನು ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಿ ಹೇಳಬೇಕು. ನೆನಪಿದ್ದ ಪದ ಕೆಲವು ದಿನ ಬಿಟ್ಟು, ಆಮೇಲೆ ವಾರಗಳು, ತಿಂಗಳುಗಳನ್ನು ಬಿಟ್ಟು ಬರುತ್ತದೆ. ಮರೆತದ್ದು ಬೇಗನೆ ಮತ್ತೆ ಎದುರಾಗುತ್ತದೆ. 2006ರಿಂದ ಇರುವ ಈ ತಂತ್ರಾಂಶಕ್ಕೆ 2023ರಲ್ಲಿ, ಕಾರ್ಡು ಮತ್ತೆ ಯಾವಾಗ ಬರಬೇಕೆಂದು ನಿರ್ಧರಿಸುವ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಸೇರಿತು. ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿಕೊಳ್ಳಿ, ನೆನಪಿನ ಗುರಿ ಶೇ 90 ಎಂದಿರುವುದನ್ನು ಹಾಗೆಯೇ ಬಿಡಿ. ಉತ್ಸಾಹದಿಂದ ಏರಿಸುತ್ತ ಹೋದರೆ ದಿನದ ಪುನರಾವರ್ತನೆ ವಿಪರೀತವಾಗುತ್ತದೆ. ದಿನಕ್ಕೆ 20 ಹೊಸ ಕಾರ್ಡು ಎಂಬ ಮಿತಿ ಮೊದಲೇ ಇರುತ್ತದೆ. ನೌಕರಿ ಮಾಡುವವರಿಗೆ ಅದರ ಅರ್ಧವೇ ಸಾಕು. ಇಂದು ಹಗುರವಾಗಿ ಕಂಡ ಕಾರ್ಡುಗಳು ಮುಂದಿನ ವಾರ ಬಡ್ಡಿಸಾಲದ ಹಾಗೆ ಬಾಗಿಲಿಗೆ ಬಂದು ನಿಲ್ಲುತ್ತವೆ.

ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ ಎಂಬುದು ನಮ್ಮ ಕಡೆಯವರಿಗೆ ಸಣ್ಣ ಮಾತಲ್ಲ. ವಾಡಿ ದಾಟಿ ಸೇಡಂ, ತಾಂಡೂರು ಮಾರ್ಗದಲ್ಲಿ ಹೈದರಾಬಾದಿಗೆ ಹೋಗುವಾಗ ನೆಟ್‌ವರ್ಕ್ ಬಂದು ಹೋಗುತ್ತಿದ್ದರೂ ಕಾರ್ಡುಗಳು ನಿಂತದ್ದಿಲ್ಲ.

ಇನ್ನು ಸಿದ್ಧ ಪದಪಟ್ಟಿಗಳ ವಿಷಯ. ಜನ ಹಂಚಿಕೊಂಡ ಪಟ್ಟಿಗಳು ಉಚಿತವಾಗಿ ಸಿಗುತ್ತವೆ, ಸಾವಿರಗಟ್ಟಲೆ ಪದಗಳಿರುತ್ತವೆ. ನನ್ನ ಅಭಿಪ್ರಾಯದಲ್ಲಿ ಅವುಗಳಲ್ಲಿ ಹೆಚ್ಚಿನವು ಹಳೆಯ ಪರೀಕ್ಷೆಗೆ ತಕ್ಕವು. ವಿರುದ್ಧಾರ್ಥಕ ಪದ ಕೇಳುವ ಪ್ರಶ್ನೆಗಳನ್ನು ಜಿಆರ್‌ಇ 2011ರಲ್ಲೇ ಕೈಬಿಟ್ಟಿತು. ಈಗ ಪದಜ್ಞಾನ ಬೇಕಾಗುವುದು ಖಾಲಿ ಜಾಗ ತುಂಬುವಾಗ. ಒಂದು ಬಗೆಯ ಪ್ರಶ್ನೆಯಲ್ಲಿ ಆರು ಪದಗಳಿಂದ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು; ಒಂದು ತಪ್ಪಿದರೂ ಅರ್ಧ ಅಂಕ ಸಿಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಚಿಕ್ಕದಾದ ಮೇಲೆ ಭಾಷಾ ವಿಭಾಗದಲ್ಲಿ ಇರುವುದು ಒಟ್ಟು 27 ಪ್ರಶ್ನೆ, 41 ನಿಮಿಷ. ಅಲ್ಲಿ ಕುಳಿತು ಅರ್ಥಗಳ ಪಟ್ಟಿಯನ್ನು ತಲೆಯೊಳಗೆ ಹುಡುಕಲು ಬಿಡುವಿರುವುದಿಲ್ಲ. ಮೇಲಾಗಿ ಕಾಡುವುದು ಅಪರಿಚಿತ ಪದಗಳಷ್ಟೇ ಅಲ್ಲ. ಅರ್ಹತೆ ಪಡೆಯುವುದು ಎಂದು ನಾವೆಲ್ಲ ಬಳಸುವ ಕ್ವಾಲಿಫೈ ಅಲ್ಲಿ ಹೇಳಿಕೆಯೊಂದಕ್ಕೆ ಮಿತಿ ಹಾಕುವುದು ಎಂಬ ಅರ್ಥದಲ್ಲಿ ಬರಬಹುದು. ಚೆಕ್ ಎಂದರೆ ತಡೆಯುವುದೂ ಆಗಬಹುದು. ಒಂದು ಪದಕ್ಕೆ ಒಂದು ಅರ್ಥ ಬರೆದ ಕಾರ್ಡು ಇಲ್ಲಿ ದಾರಿ ತಪ್ಪಿಸುತ್ತದೆ.

ಆದ್ದರಿಂದ ಇಡೀ ವಾಕ್ಯ ಕೊಟ್ಟು ನಡುವೆ ಪದವೊಂದನ್ನು ಮರೆಮಾಡುವ ಕಾರ್ಡುಗಳೇ ಮೇಲು. ಆಂಕಿಯಲ್ಲಿ ಆ ವ್ಯವಸ್ಥೆ ಇದೆ. ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯದಿಂದ ವಾಕ್ಯ ತೆಗೆದುಕೊಂಡೆ, ಸಿಗದಿದ್ದಾಗ ನಾನೇ ಬರೆದೆ. ಎನರ್ವೇಟ್ ಎಂಬುದು ಕಿವಿಗೆ ಎನರ್ಜಿಯ ನೆಂಟನಂತೆ ಕೇಳಿಸಿದರೂ ಅದರ ಅರ್ಥ ಶಕ್ತಿ ಹೀರುವುದು. ಕಲಬುರಗಿಯ ಮೇ ತಿಂಗಳ ಬಿಸಿಲಿನ ಬಗ್ಗೆ ಒಂದು ಸಾಲು ಬರೆದು ಅದರೊಳಗೆ ಈ ಪದವನ್ನು ಕೂರಿಸಿದ ಮೇಲೆ ಮತ್ತೆ ಗೊಂದಲವಾಗಲಿಲ್ಲ. ಇಂಥ ಕಾರ್ಡು ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ನಿಜ; ಆದರೆ ನನ್ನ ಮಟ್ಟಿಗೆ ಅರ್ಧ ಕಲಿಕೆ ಆ ಬರವಣಿಗೆಯಲ್ಲೇ ಆಯಿತು.

ಕಲಿತ ಪದವನ್ನು ಎಂಟು ಬಾರಿ ಮರೆತರೆ ಆ್ಯಪ್ ಆ ಕಾರ್ಡಿಗೆ ಗುರುತು ಹಾಕುತ್ತದೆ; ಸೆಟ್ಟಿಂಗ್ ಹಾಗಿದ್ದರೆ ತಾನಾಗಿಯೇ ಬದಿಗಿಡುತ್ತದೆ. ಇದು ಗೊತ್ತಿಲ್ಲದವರು ಪದ ಕಾಣೆಯಾಯಿತೆಂದು ಗಾಬರಿಯಾಗುತ್ತಾರೆ. ನನಗಂತೂ ಇದು ಇಷ್ಟವಾದ ಗುಣ: ಹಾಗೆ ಹೊರಗೆ ಬಿದ್ದ ಪದಕ್ಕೆ ಬೇರೆ ವಾಕ್ಯ ಬರೆದು ಮತ್ತೆ ಒಳಗೆ ತರುತ್ತೇನೆ.

ನೋಟಕ್ಕೆ ಆಂಕಿ ನೀರಸ. ಸೆಟ್ಟಿಂಗ್ ಪುಟವಂತೂ ಮೊದಲ ಸಲ ತೆರೆದವರನ್ನು ಓಡಿಸುವಂತಿದೆ. ಕಂಪ್ಯೂಟರಿನಲ್ಲಿ ಉಚಿತ, ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಎಂಬ ಹೆಸರಿನಲ್ಲಿ ಉಚಿತ, ಐಫೋನಿಗೆ ಮಾತ್ರ ಒಮ್ಮೆ ಹಣ ಕೊಡಬೇಕು, ಸುಮಾರು 25 ಡಾಲರ್. ಹೆಸರು ಹೋಲುವ, ತಿಂಗಳ ಚಂದಾ ಕೇಳುವ ಆ್ಯಪ್‌ಗಳೂ ಇವೆ, ನೋಡಿಕೊಂಡು ಹಾಕಿಕೊಳ್ಳಿ. ಭಾಷಾ ವಿಭಾಗದ ಅರ್ಧದಷ್ಟಿರುವ ಗದ್ಯಭಾಗದ ಪ್ರಶ್ನೆಗಳಿಗೆ ಇದರಿಂದ ನೇರವಾದ ನೆರವಿಲ್ಲ.

“ಅಕ್ಕ, ಮುಂದಿನ ತಿಂಗಳೇ ನನ್ನ ಪರೀಕ್ಷೆ, ಇದೊಂದು ಸಾಕೇ?” ಎಂದು ಚಿಕ್ಕಪ್ಪನ ಮಗಳು ಕೇಳಿದಾಗ ಸಾಲದೆಂದೆ. ಒಂದು ತಿಂಗಳಷ್ಟೇ ಇರುವವರು ಅಧಿಕೃತ ಮಾದರಿ ಪ್ರಶ್ನೆಗಳನ್ನು ಬಿಡಿಸುವುದು ಒಳ್ಳೆಯದು. ಆರೆಂಟು ತಿಂಗಳು ಕೈಯಲ್ಲಿದ್ದವರು ಇಂದೇ ಶುರು ಮಾಡಬಹುದು. ಮೊಬೈಲ್ ಬದಲಿಸುವ ಮುನ್ನ ಉಚಿತ ಖಾತೆ ತೆರೆದು ಎಲ್ಲ ಕಾರ್ಡುಗಳನ್ನೂ ಸಿಂಕ್ ಮಾಡಿಕೊಳ್ಳಿ.