ಸ್ಕ್ವಿಡ್ಡಾ, ಪ್ರಾಕ್ಸಿಎಸ್‌ಜಿಯಾ? ರೂಲ್‌ಗಳು ಜಗಳಕ್ಕೆ ಬಿದ್ದಾಗ

ಸ್ಕ್ವಿಡ್, ಪ್ರಾಕ್ಸಿಎಸ್‌ಜಿ ಎರಡೂ ವೆಬ್ ಪ್ರಾಕ್ಸಿಗಳು: ಆಫೀಸಿನವರ ಇಂಟರ್ನೆಟ್ ಬಳಕೆಯ ನಡುವೆ ನಿಂತು, ಯಾವ ಸೈಟ್ ಬಿಡಬೇಕು, ಯಾವುದು ತಡೆಯಬೇಕು ಅಂತ ರೂಲ್ ಪ್ರಕಾರ ನಿರ್ಧರಿಸುತ್ತವೆ. ಒಂದು ರೂಲ್ ಯೂಟ್ಯೂಬ್ ಬಿಡು ಅನ್ನುತ್ತದೆ, ಇನ್ನೊಂದು ವಿಡಿಯೋ ಸೈಟೆಲ್ಲ ತಡೆ ಅನ್ನುತ್ತದೆ. ಗೆಲ್ಲುವುದು ಯಾವುದು? ಆಯ್ಕೆ ಮಾಡುವ ಮೊದಲು ಇದನ್ನೇ ನೋಡಿ.

ಸ್ಕ್ವಿಡ್ ಆಕ್ಸೆಸ್ ಸಾಲುಗಳನ್ನು (ಅಲೋ ಅಂದರೆ ಬಿಡು, ಡಿನೈ ಅಂದರೆ ತಡೆ ಎನ್ನುವ ರೂಲ್‌ಗಳನ್ನು) ಮೇಲಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ಸಾಲೇ ಕೊನೆಯ ಮಾತು. ಹಾಗಾಗಿ ವಿನಾಯಿತಿ ಮೇಲಿರಬೇಕು. ಯಾವ ಸಾಲೂ ಹೊಂದದಿದ್ದರೆ ಕೊನೆಯ ಸಾಲಿನ ಉಲ್ಟಾ ಆಗುತ್ತದೆ, ಅಂದರೆ ಅಲ್ಲಿ ಬರೀ ಒಂದು ಸೈಟಿಗೆ ಡಿನೈ ಇದ್ದರೆ ಉಳಿದದ್ದೆಲ್ಲ ಒಳಗೆ ಬರುತ್ತದೆ; ದಯವಿಟ್ಟು ಕೊನೆಗೆ 'ಡಿನೈ ಆಲ್' (ಉಳಿದದ್ದೆಲ್ಲ ತಡೆ) ಹಾಕಿ. ಲಾಗ್‌ನಲ್ಲಿ 403 (ತಡೆದಿದೆ ಎನ್ನುವ ಕೋಡ್) ಕಾಣುತ್ತದೆ, ತಡೆದ ಸಾಲು ಯಾವುದೆಂದು ಕಾಣುವುದಿಲ್ಲ. ಅದಕ್ಕೆ ಡಿಬಗ್ ಸೆಕ್ಷನ್ 28ರ (ಆಕ್ಸೆಸ್ ರೂಲ್‌ಗಳ ಭಾಗ) ಮಟ್ಟ ಜಾಸ್ತಿ ಮಾಡಿ, ಸ್ಕ್ವಿಡ್ ತನ್ನ ಒಳಗಿನ ಸಂದೇಶ ಬರೆಯುವ ಕ್ಯಾಶ್ ಲಾಗ್ ಕೆದಕಬೇಕು.

ಪ್ರಾಕ್ಸಿಎಸ್‌ಜಿಯಲ್ಲಿ ಲೇಯರ್‌ಗಳಿವೆ, ಅಂದರೆ ರೂಲ್‌ಗಳ ಗುಂಪುಗಳು. ಒಂದು ಲೇಯರ್ ಒಳಗೆ ಮೊದಲು ಹೊಂದಿದ ರೂಲ್ ಗೆಲ್ಲುತ್ತದೆ, ಆದರೆ ಮುಂದಿನ ಲೇಯರ್ ಹಿಂದಿನದನ್ನು ಬದಲಿಸಬಹುದು. ಹೊಸಬರು ಎಡವುವುದು ಇಲ್ಲೇ. 'ಫೋರ್ಸ್ ಡಿನೈ' ಹಾಕಿದ್ದರೆ ಮಾತ್ರ ಮುಂದಿನ ಅಲೋ ನಡೆಯುವುದಿಲ್ಲ. ರೂಲ್ ಪರೀಕ್ಷೆಯನ್ನು ಹೆಜ್ಜೆ ಹೆಜ್ಜೆಗೂ ದಾಖಲಿಸುವ ಪಾಲಿಸಿ ಟ್ರೇಸ್ ಹಾಕಿದರೆ ಯಾವ ರೂಲ್ ಹೊಂದಿತು, ಯಾವುದು ತಪ್ಪಿತು ಅಂತ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಟ್ರೇಸ್ ಆಫ್ ಮಾಡಿ, ಇಲ್ಲದಿದ್ದರೆ ಪ್ರಾಕ್ಸಿ ಮೇಲೆ ಭಾರ ಬೀಳುತ್ತದೆ.

ಒಬ್ಬರೇ ನೋಡಿಕೊಳ್ಳುವ ಇಪ್ಪತ್ತು ಸಾಲಿಗೆ ಸ್ಕ್ವಿಡ್ ಸಾಕು. ನಾಲ್ಕು ಜನ ರೂಲ್ ಬರೆಯುವ ಆಫೀಸಿಗೆ ಆ ಟ್ರೇಸ್ ಒಂದಕ್ಕಾದರೂ ಪ್ರಾಕ್ಸಿಎಸ್‌ಜಿ ತೆಗೆದುಕೊಳ್ಳಿ ಅಂತೀನಿ.